ಪಿಸಿಎಂ, ಬಿಟ್‌ಸ್ಟ್ರೀಮ್, ಡಿಆರ್‌ಸಿ: ಅಪ್ಪನ ಡಿವಿಡಿ ಪ್ಲೇಯರಿನ ಮೆನು ಬಿಡಿಸಿ ಹೇಳುವವರು ಇದ್ದೀರಾ?

ಪ್ರಶ್ನೆ: ಕರಡಚ್ಚು

ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ಅರ್ಥ ಗೊತ್ತಿಲ್ಲದ ಪದ ಸಿಕ್ಕರೆ ಅದರಡಿ ಪೆನ್ಸಿಲ್ ಗೆರೆ ಎಳೆದು ಅಲ್ಲೇ ಕೂರುವುದು ವೃತ್ತಿಯಿಂದ ಅಂಟಿಕೊಂಡ ಚಟ. ಆ ಚಟ ಈಗ ನನ್ನನ್ನು ಟಿವಿಯ ಮುಂದೆ ಕಟ್ಟಿಹಾಕಿದೆ.

ಅಪ್ಪನ ಡಿವಿಡಿ ಪ್ಲೇಯರ್ ನನ್ನ ಮನೆಗೆ ಬಂದಿದೆ, ಜೊತೆಗೆ ಒಂದು ರಟ್ಟಿನ ಪೆಟ್ಟಿಗೆ ತುಂಬ ಡಿಸ್ಕುಗಳು. ಚಿತ್ರ ಎಚ್‌ಡಿಎಂಐ ಕೇಬಲಿನಲ್ಲಿ ಟಿವಿಗೆ ಹೋಗುತ್ತದೆ, ಧ್ವನಿ ಆಪ್ಟಿಕಲ್ ಕೇಬಲಿನಲ್ಲಿ ಸೌಂಡ್‌ಬಾರಿಗೆ. ಜೋಡಿಸಿದವನು ತಮ್ಮ. ಈಗ ಫೋನ್ ಮಾಡಿದರೆ "ಸೆಟಪ್‌ಗೆ ಹೋಗಿ ಏನಾದರೂ ಬದಲಿಸಿ ನೋಡು ಅಕ್ಕಾ" ಎನ್ನುತ್ತಾನೆ. ಆ "ಏನಾದರೂ" ಯಾವುದು ಎಂಬುದೇ ನನ್ನ ಪ್ರಶ್ನೆ.

ತೊಂದರೆ ಹೇಳುತ್ತೇನೆ. ಪಾತ್ರಗಳ ಮಾತು ಕೇಳಿಸುವುದೇ ಇಲ್ಲ. ಧ್ವನಿ ಏರಿಸಿಕೊಂಡು ಕುಳಿತರೆ, ಪರದೆಯ ಮೇಲೆ ಯಾರೋ ಬಾಗಿಲು ಬಡಿದ ಸದ್ದಿಗೆ ಪಕ್ಕದ ಕೋಣೆಯಲ್ಲಿ ಮಲಗಿದ ಮಗು ಎದ್ದು ಅಳುತ್ತದೆ. ರಿಮೋಟನ್ನು ಕೈಯಿಂದ ಇಳಿಸುವಂತಿಲ್ಲ. ಒಂದು ಡಿಸ್ಕಿನಲ್ಲಿ ಬರೀ ಚಿತ್ರ, ಸದ್ದೇ ಇಲ್ಲ. ಇನ್ನು ಕೆಲವದರಲ್ಲಿ ಮೇಲೂ ಕೆಳಗೂ ಕಪ್ಪು ಪಟ್ಟಿ, ನಡುವೆ ಎಲ್ಲರೂ ತಲೆಯ ಮೇಲೆ ಮಣೆ ಇಟ್ಟು ಒತ್ತಿದ ಹಾಗೆ ಕುಳ್ಳಗೆ, ದಪ್ಪಗೆ ಕಾಣುತ್ತಾರೆ. ಪೆನ್ ಡ್ರೈವಿನಲ್ಲಿ ಎರಡು ಎಂಪಿ4 ಕಡತಗಳಿವೆ. ಒಂದು ಓಡುತ್ತದೆ, ಇನ್ನೊಂದನ್ನು ಪ್ಲೇಯರ್ ಒಪ್ಪುವುದಿಲ್ಲ.

ಮೆನುವಿನಲ್ಲಿ ಡಿಜಿಟಲ್ ಔಟ್‌ಪುಟ್ ಎಂಬಲ್ಲಿ ಪಿಸಿಎಂ ಮತ್ತು ಬಿಟ್‌ಸ್ಟ್ರೀಮ್ ಎಂಬ ಎರಡು ಆಯ್ಕೆಗಳಿವೆ, ಸದ್ಯ ಎರಡನೆಯದರಲ್ಲಿದೆ. ಅದರ ಕೆಳಗೆ ಡಿಆರ್‌ಸಿ. ಆನ್ ಮಾಡಿದೆ, ಆಫ್ ಮಾಡಿದೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಟಿವಿ ಟೈಪ್ ಎಂಬಲ್ಲಿ 4:3 ಎಲ್‌ಬಿ, 4:3 ಪಿಎಸ್, 16:9. ಕೈಪಿಡಿ ತೆರೆದರೆ "ಬಿಟ್‌ಸ್ಟ್ರೀಮ್: ಬಿಟ್‌ಸ್ಟ್ರೀಮ್ ಸಂಕೇತವನ್ನು ಹೊರಕ್ಕೆ ಕಳಿಸುತ್ತದೆ" ಎಂಬರ್ಥದ ಒಂದು ವಾಕ್ಯ. ಇಂಥದ್ದು ನನ್ನ ಮೇಜಿಗೆ ಬಂದಿದ್ದರೆ ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಬರೆದವರಿಗೇ ವಾಪಸು ಕಳಿಸುತ್ತಿದ್ದೆ.

ಉತ್ತರ: ಪರದೆಪ್ರಿಯ

ಅಕ್ಕಾ, ಇಷ್ಟೆಲ್ಲ ತಲೆನೋವು ಯಾಕೆ? ಡಿಸ್ಕಿನ ಕಾಲ ಮುಗಿಯಿತು. ಬೇಕಾದ ಚಿತ್ರಗಳೆಲ್ಲ ಇಂಟರ್ನೆಟ್ಟಿನಲ್ಲಿ ಸಿಗುತ್ತವೆ. ಪ್ಲೇಯರನ್ನು ಗುಜರಿಗೆ ಹಾಕಿ ಆರಾಮವಾಗಿರಿ.

ಉತ್ತರ: ಬೆಸುಗೆಕಡ್ಡಿ

ಗುಜರಿಗೆ ಹಾಕುವ ಸಲಹೆಗೆ ಯಾರ ಸಹಾಯವೂ ಬೇಕಿಲ್ಲ, ಅದು ಎಲ್ಲರಿಗೂ ಹೊಳೆಯುತ್ತದೆ. ಕೇಳಿದ್ದಕ್ಕೆ ಬರುತ್ತೇನೆ.

ಕರಡಚ್ಚು ಅವರೇ, 26 ವರ್ಷ ರಿಪೇರಿ ಬೆಂಚಿನ ಮುಂದೆ ಇಂಥ ಪ್ಲೇಯರುಗಳ ಹೊಟ್ಟೆ ಬಿಚ್ಚಿ ಕುಳಿತವನು ನಾನು. ನನ್ನ ಹತ್ತಿರ ಬಂದ ಯಂತ್ರಗಳಲ್ಲಿ ಎಷ್ಟೋ ಕೆಟ್ಟೇ ಇರುತ್ತಿರಲಿಲ್ಲ, ಮೆನುವಿನ ಒಂದು ಸಾಲು ತಪ್ಪಾಗಿರುತ್ತಿತ್ತು ಅಷ್ಟೆ. ನಿಮ್ಮದೂ ಅದೇ ಜಾತಿ. ಒಂದೇ ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ: ಗಂಟು ಬಿಚ್ಚುವವರು ಯಾರು?

ಡಿವಿಡಿಯಲ್ಲಿ ಧ್ವನಿಯನ್ನು ಇದ್ದ ಹಾಗೆ ಇಟ್ಟಿರುವುದಿಲ್ಲ, ಗಂಟು ಕಟ್ಟಿ ಇಟ್ಟಿರುತ್ತಾರೆ. ಗಂಟು ಕಟ್ಟದ, ಹರವಿದ ಧ್ವನಿಯೇ ಪಿಸಿಎಂ. ಡಿವಿಡಿಯ ಲೆಕ್ಕದಲ್ಲಿ ಸೆಕೆಂಡಿಗೆ 48,000 ಮಾದರಿ (ಧ್ವನಿಯ ಅಲೆಯನ್ನು ಕ್ಷಣಕ್ಷಣಕ್ಕೂ ಅಳೆದು ಬರೆದ ಅಂಕಿ), ಒಂದೊಂದಕ್ಕೂ 16 ಬಿಟ್, ಎಡಕ್ಕೊಂದು ಬಲಕ್ಕೊಂದು ಎಂದರೆ ಸೆಕೆಂಡಿಗೆ 15,36,000 ಬಿಟ್ ಬೇಕು. ಅದೂ ಬರೀ ಎರಡು ಸ್ಪೀಕರಿಗೆ. ಸಿನಿಮಾದ 5.1 ಧ್ವನಿಯಲ್ಲಿ ಆರು ವಾಹಿನಿಗಳಿವೆ: ಮುಂದೆ ಎಡ, ನಡು, ಬಲ, ಹಿಂದೆ ಎರಡು, ಗುಡುಗು, ಸ್ಫೋಟಗಳಿಗಾಗಿ ಸಬ್‌ವೂಫರಿನದೊಂದು. ಇವಿಷ್ಟನ್ನೂ ಡಾಲ್ಬಿ ಡಿಜಿಟಲ್ ಎಂಬ ಗಂಟಿನಲ್ಲಿ ಕಟ್ಟಿದರೆ ಡಿವಿಡಿಯಲ್ಲಿ ಹೆಚ್ಚೆಂದರೆ ಸೆಕೆಂಡಿಗೆ 448 ಕಿಲೋಬಿಟ್ ಸಾಕು. ಹರವಿದ ಎರಡು ವಾಹಿನಿಗೆ ಬೇಕಾದ ಜಾಗದ ಮೂರನೇ ಒಂದು ಭಾಗಕ್ಕೂ ಕಡಿಮೆ. ಡಿಟಿಎಸ್ ಎಂಬುದು ಇನ್ನೊಬ್ಬರು ಕಟ್ಟುವ ಇನ್ನೊಂದು ಬಗೆಯ ಗಂಟು, ಸ್ವಲ್ಪ ದೊಡ್ಡದು.

ಈಗ ನಿಮ್ಮ ಮೆನುವನ್ನು ಮತ್ತೆ ಓದಿ. ಬಿಟ್‌ಸ್ಟ್ರೀಮ್ ಎಂದರೆ ಪ್ಲೇಯರ್ ಗಂಟನ್ನು ಮುಟ್ಟದೆ ಹಾಗೆಯೇ ಕೇಬಲಿಗೆ ದಾಟಿಸುತ್ತದೆ, ಬಿಚ್ಚುವ ಕೆಲಸ ಸೌಂಡ್‌ಬಾರಿನದು. ಪಿಸಿಎಂ ಎಂದರೆ ಪ್ಲೇಯರೇ ಬಿಚ್ಚಿ, ಹರವಿ, ಸಿದ್ಧ ಧ್ವನಿಯನ್ನು ಕಳಿಸುತ್ತದೆ. ಕೈಪಿಡಿ ಹೇಳಬೇಕಾಗಿದ್ದದ್ದು ಇಷ್ಟೇ.

ಡಿಆರ್‌ಸಿ ಯಾಕೆ ಕೆಲಸ ಮಾಡಲಿಲ್ಲ ಎಂಬುದೂ ಇಲ್ಲಿಯೇ ಇದೆ. ಚಿತ್ರಮಂದಿರಕ್ಕೆಂದು ಮಾಡಿದ ಧ್ವನಿಯಲ್ಲಿ ಪಿಸುಮಾತಿಗೂ ಸ್ಫೋಟಕ್ಕೂ ಅಂತರ ಬಹಳ. ಆ ಅಂತರವನ್ನು ಕುಗ್ಗಿಸುವುದೇ ಡಿಆರ್‌ಸಿ, ಅಂದರೆ ಸಣ್ಣ ಸದ್ದನ್ನು ಎತ್ತಿ ದೊಡ್ಡ ಸದ್ದನ್ನು ಅದುಮುವುದು. ಎಷ್ಟು ಎತ್ತಬೇಕು, ಎಷ್ಟು ಅದುಮಬೇಕು ಎಂಬ ಚೀಟಿಯನ್ನು ಡಾಲ್ಬಿ ಡಿಜಿಟಲ್ ಗಂಟಿನ ಒಳಗೇ ಇಟ್ಟು ಕಟ್ಟಿರುತ್ತಾರೆ. ಚೀಟಿಯನ್ನು ಓದುವುದು ಗಂಟು ಬಿಚ್ಚಿದವರು ಮಾತ್ರ. ನೀವು ಬಿಟ್‌ಸ್ಟ್ರೀಮ್ ಇಟ್ಟು ಪ್ಲೇಯರಿನ ಡಿಆರ್‌ಸಿ ಒತ್ತಿದರೆ, ಗಂಟನ್ನೇ ಬಿಚ್ಚದವರಿಗೆ ಚೀಟಿ ಓದಲು ಹೇಳಿದ ಹಾಗಾಯಿತು. ಪಿಸಿಎಂಗೆ ಬದಲಿಸಿ, ಆಮೇಲೆ ಡಿಆರ್‌ಸಿ ಆನ್ ಮಾಡಿ. ಅಥವಾ ಬಿಟ್‌ಸ್ಟ್ರೀಮ್ ಹಾಗೇ ಇರಲಿ, ಸೌಂಡ್‌ಬಾರಿನ ರಿಮೋಟಿನಲ್ಲಿ ನೈಟ್ ಮೋಡ್ ಎಂಬುದಿದ್ದರೆ ಅದನ್ನು ಒತ್ತಿ. ಎರಡೂ ಕಡೆ ಒಟ್ಟಿಗೆ ಬೇಡ.

ಯಾವುದು ಮೇಲು ಎಂದು ಕೇಳಬೇಡಿ, ನಿಮ್ಮ ಬಳಿ ಏನಿದೆ ಎಂಬುದರ ಮೇಲಿದೆ. ಆಪ್ಟಿಕಲ್ ಕೇಬಲಿನಲ್ಲಿ ಪಿಸಿಎಂ ಹೋದರೆ ಎರಡೇ ವಾಹಿನಿ. ಆರನ್ನು ಎರಡಕ್ಕೆ ಕೂಡಿಸುವುದನ್ನೇ ಡೌನ್‌ಮಿಕ್ಸ್ ಎನ್ನುವುದು. ನಿಮ್ಮ ಸೌಂಡ್‌ಬಾರಿಗೆ ಹಿಂದೆ ಇಡುವ ಸ್ಪೀಕರುಗಳಿದ್ದರೆ ಬಿಟ್‌ಸ್ಟ್ರೀಮೇ ಸರಿ. ಬರೀ ಒಂದು ಉದ್ದನೆಯ ಪಟ್ಟಿಯಾದರೆ ಪಿಸಿಎಂನಿಂದ ನಷ್ಟವಿಲ್ಲ.

ಸದ್ದೇ ಬಾರದ ಡಿಸ್ಕು ಬಹುಶಃ ಡಿಟಿಎಸ್ ಟ್ರ್ಯಾಕಿನಲ್ಲಿ ಓಡುತ್ತಿದೆ. ನಿಮ್ಮ ಸೌಂಡ್‌ಬಾರಿಗೆ ಡಾಲ್ಬಿ ಗಂಟು ಬಿಚ್ಚಲು ಬರುತ್ತದೆ, ಡಿಟಿಎಸ್ ಬರುವುದಿಲ್ಲ. ಚಿತ್ರ ಓಡುತ್ತಿರುವಾಗ ರಿಮೋಟಿನ ಆಡಿಯೋ ಗುಂಡಿ ಒತ್ತಿ ಬೇರೆ ಟ್ರ್ಯಾಕಿಗೆ ಹೋಗಿ. ಡಿವಿಡಿಯ ನಿಯಮದಲ್ಲಿ ಡಿಟಿಎಸ್ ಐಚ್ಛಿಕ, ಆದ್ದರಿಂದ ಅದರ ಜೊತೆಗೆ ಬೇರೊಂದು ಟ್ರ್ಯಾಕ್ ಇರಲೇಬೇಕು. ಹಾಗಿದ್ದೂ ಯಾವ ಡಿಸ್ಕಿನಲ್ಲೂ ಸದ್ದು ಬರದಿದ್ದರೆ ಆಪ್ಟಿಕಲ್ ಕೇಬಲಿನ ತುದಿ ನೋಡಿ. ಹೊಸ ಕೇಬಲಿನ ಮೂತಿಗೆ ಪಾರದರ್ಶಕ ಪ್ಲಾಸ್ಟಿಕ್ ಟೊಪ್ಪಿಗೆ ಇರುತ್ತದೆ. ಅದನ್ನು ತೆಗೆಯದೆ ಒಳಗೆ ತುರುಕಿ, "ಪ್ಲೇಯರ್ ಸತ್ತಿದೆ" ಎಂದು ಹೊತ್ತು ತಂದವರು ಒಬ್ಬಿಬ್ಬರಲ್ಲ. ಸೌಂಡ್‌ಬಾರ್ ಕಡೆಯ ತುದಿಯನ್ನು ಕಿತ್ತು ಅಂಗೈಗೆ ಹಿಡಿದರೆ ಕುಂಕುಮದ ಬೊಟ್ಟಿನಂಥ ಕೆಂಪು ಬೆಳಕು ಬೀಳಬೇಕು. ಬಿದ್ದರೆ ಪ್ಲೇಯರ್ ಮಾತನಾಡುತ್ತಿದೆ ಎಂದರ್ಥ.

ಇನ್ನು ಕುಳ್ಳಗಾದವರ ವಿಷಯ. ಟಿವಿ ಟೈಪ್ ಸಾಲನ್ನು 16:9ಕ್ಕೆ ಹಾಕಿ, ಮುಗಿಯಿತು. 4:3 ಎಂಬುದು ಹಳೆಯ ಡಬ್ಬಿ ಟಿವಿಯ ಅಳತೆ. ಎಲ್‌ಬಿ ಎಂದರೆ ಲೆಟರ್‌ಬಾಕ್ಸ್: ಅಗಲದ ಚಿತ್ರವನ್ನು ಚಿಕ್ಕದಾಗಿಸಿ ಮೇಲೆ ಕೆಳಗೆ ಕಪ್ಪು ಬಳಿಯುವುದು. ಪಿಎಸ್ ಎಂದರೆ ಪ್ಯಾನ್ ಅಂಡ್ ಸ್ಕ್ಯಾನ್: ಎಡಬಲಗಳನ್ನು ಕತ್ತರಿಸಿ ಪರದೆ ತುಂಬಿಸುವುದು. ಪ್ಲೇಯರ್ ನಿಮ್ಮದು ಹಳೆಯ ಟಿವಿ ಎಂದುಕೊಂಡು ಕಪ್ಪು ಬಳಿದು ಕಳಿಸುತ್ತಿದೆ, ಟಿವಿ ಅದನ್ನೇ ಅಡ್ಡಕ್ಕೆ ಎಳೆಯುತ್ತಿದೆ. 16:9ಕ್ಕೆ ಹಾಕಿದ ಮೇಲೂ ಕೆಲವು ಚಿತ್ರಗಳಲ್ಲಿ ತೆಳು ಕಪ್ಪು ಪಟ್ಟಿ ಉಳಿಯುತ್ತದೆ. ಅದು ದೋಷವಲ್ಲ, ಆ ಚಿತ್ರಗಳನ್ನು ನಿಮ್ಮ ಟಿವಿಗಿಂತಲೂ ಅಗಲವಾಗಿ, 2.35ಕ್ಕೆ 1ರಂತೆ, ತೆಗೆದಿರುತ್ತಾರೆ.

ಎಂಪಿ4 ಪ್ರಶ್ನೆ ನಿಮ್ಮಂಥವರಿಗೇ ಹೇಳಿ ಮಾಡಿಸಿದ್ದು. ಎಂಪಿ4 ಎಂಬುದು ಡಬ್ಬಿಯ ಹೆಸರು, ಒಳಗಿನ ಪದಾರ್ಥದ ಹೆಸರಲ್ಲ. ಎವಿಐ, ಎಂಕೆವಿ ಕೂಡ ಡಬ್ಬಿಗಳೇ. ಒಳಗೆ ಚಿತ್ರವನ್ನು ಯಾವ ವಿಧಾನದಲ್ಲಿ ಮಡಿಸಿದ್ದಾರೆ ಎಂಬುದು ಕೋಡೆಕ್. ನಿಮ್ಮ ಪ್ಲೇಯರಿಗೆ ಹಳೆಯ ಎಂಪೆಗ್-4 ಮಡಿಕೆ ಗೊತ್ತು, 2003ರಲ್ಲಿ ಬಂದ ಎಚ್.264 ಗೊತ್ತಿಲ್ಲ, 2013ರ ಎಚ್.265 ಕೇಳಿಯೇ ಇಲ್ಲ. ಎರಡೂ ಡಬ್ಬಿಗಳ ಮೇಲೆ ಒಂದೇ ಚೀಟಿ ಇದೆ, ಒಳಗಿನದು ಬೇರೆ. ಕಡತದ ಹೆಸರಿನ ಬಾಲ ತಿದ್ದಿದರೆ ಏನೂ ಆಗುವುದಿಲ್ಲ. ಕಂಪ್ಯೂಟರಿನಲ್ಲಿ ಮತ್ತೆ ಮಡಿಸಬೇಕು. ಇನ್ನೊಂದು ತಮಾಷೆ ಕೇಳಿ: ಎಂಪಿ4 ಎಂಪಿ3ರ ತಮ್ಮನಲ್ಲ. ಎಂಪಿ3ರಲ್ಲಿರುವ 3, ಎಂಪೆಗ್-1 ಧ್ವನಿ ಪದ್ಧತಿಯ ಮೂರನೇ ಲೇಯರ್ ಎಂಬುದರಿಂದ ಬಂದದ್ದು. ಎಂಪಿ4ರಲ್ಲಿರುವ 4 ಎಂಪೆಗ್-4ರದು. ಎರಡು ಬೇರೆ ಬೇರೆ ವಾಕ್ಯಗಳಿಂದ ಕಿತ್ತ ಅಂಕಿಗಳನ್ನು ಜನ ಒಂದೇ ಸಾಲಿನಲ್ಲಿಟ್ಟು ಎಣಿಸುತ್ತಾರೆ.

ಉತ್ತರ: ಮಂದ್ರಸ್ಥಾಯಿ

ಬೆಸುಗೆಕಡ್ಡಿಯವರು ಚೆನ್ನಾಗಿ ವಿವರಿಸಿದ್ದಾರೆ, ಆದರೆ "ಯಾವುದು ಮೇಲು ಎಂದು ಕೇಳಬೇಡಿ" ಎಂಬುದನ್ನು ಒಪ್ಪಲಾರೆ. ಪಿಸಿಎಂ ಶುದ್ಧ ಧ್ವನಿ, ಡಾಲ್ಬಿ ಹಿಂಡಿದ ಧ್ವನಿ. ಸಂಗೀತ ಕೇಳುವವರು ಕಣ್ಣು ಮುಚ್ಚಿ ಪಿಸಿಎಂ ಆಯ್ದುಕೊಳ್ಳಬೇಕು.

ಆಡಿಯೋ ಸಿಡಿಯನ್ನೇ ನೋಡಿ. 1982ರಲ್ಲಿ ಮಾರುಕಟ್ಟೆಗೆ ಬಂದಾಗಿನಿಂದ ಅದರಲ್ಲಿರುವುದು ಹರವಿದ ಪಿಸಿಎಂ, ಸೆಕೆಂಡಿಗೆ 44,100 ಮಾದರಿ. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಎಂದು ಕರಡಚ್ಚು ಅವರು ಹೇಗೂ ಕೇಳಿಯೇ ಕೇಳುತ್ತಾರೆ, ಈಗಲೇ ಹೇಳಿಬಿಡುತ್ತೇನೆ. ಮನುಷ್ಯರ ಕಿವಿಗೆ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ ಕೇಳಿಸುತ್ತದೆ. ಅದನ್ನು ಹಿಡಿದಿಡಲು ಅದರ ಎರಡರಷ್ಟಕ್ಕಿಂತ ಹೆಚ್ಚು ಮಾದರಿಗಳು ಬೇಕು. ಹಾಗಾದರೆ 40,000ಕ್ಕೆ ಸ್ವಲ್ಪ ಮೇಲಿರುವ ಯಾವ ಸಂಖ್ಯೆಯಾದರೂ ಆಗುತ್ತಿತ್ತು. ಆದರೆ ಆಗ ಡಿಜಿಟಲ್ ಧ್ವನಿಯನ್ನು ಮುದ್ರಿಸಿಡಲು ಇದ್ದದ್ದು ವಿಡಿಯೋ ಟೇಪ್. ಟಿವಿ ಚಿತ್ರದ ಒಂದೊಂದು ಗೆರೆಯಲ್ಲಿ ಮೂರು ಮಾದರಿಗಳಂತೆ ತುಂಬಿಸುತ್ತಿದ್ದರು. ಒಂದು ಪದ್ಧತಿಯಲ್ಲಿ 245 ಗೆರೆ, ಸೆಕೆಂಡಿಗೆ 60 ಸಲ. ಇನ್ನೊಂದರಲ್ಲಿ 294 ಗೆರೆ, ಸೆಕೆಂಡಿಗೆ 50 ಸಲ. ಗುಣಿಸಿ ನೋಡಿ, ಎರಡೂ 44,100ಕ್ಕೆ ಬಂದು ನಿಲ್ಲುತ್ತವೆ. ಚಿತ್ರದ ಟೇಪಿನ ಅಳತೆಗೆ ಹೊಲಿಸಿದ ಅಂಗಿಯನ್ನು ಸಂಗೀತ ಇವತ್ತಿಗೂ ತೊಟ್ಟುಕೊಂಡಿದೆ.

ಉತ್ತರ: ಬೆಸುಗೆಕಡ್ಡಿ

44,100ರ ಲೆಕ್ಕ ಸೊಗಸಾಗಿದೆ. ಆಡಿಯೋ ಸಿಡಿಗೆ ನಿಮ್ಮ ಮಾತು ಪೂರ್ತಿ ಸರಿ. ಅಲ್ಲಿ ಗಂಟೇ ಇಲ್ಲ, ಆದ್ದರಿಂದ ಬಿಟ್‌ಸ್ಟ್ರೀಮ್ ಎಂದು ಇಟ್ಟರೂ ಹೋಗುವುದು ಪಿಸಿಎಂ.

ಆದರೆ ಡಾಲ್ಬಿ ಟ್ರ್ಯಾಕಿಗೆ ಪಿಸಿಎಂ ಆಯ್ದುಕೊಂಡರೆ ಅದು ಶುದ್ಧವಾಗುವುದಿಲ್ಲ. ಡಾಲ್ಬಿ ಡಿಜಿಟಲ್, ಎಂಪಿ3 ಇವೆಲ್ಲ ಕಟ್ಟುವಾಗಲೇ ಒಂದಿಷ್ಟನ್ನು ಎಸೆಯುತ್ತವೆ, ಕಿವಿ ಗಮನಿಸುವುದಿಲ್ಲ ಎಂಬ ಭರವಸೆಯ ಮೇಲೆ. ಎಸೆದದ್ದು ಪ್ಲೇಯರ್ ಬಿಚ್ಚಿದರೂ ಬರುವುದಿಲ್ಲ, ಸೌಂಡ್‌ಬಾರ್ ಬಿಚ್ಚಿದರೂ ಬರುವುದಿಲ್ಲ. ಏನನ್ನೂ ಎಸೆಯದೆ ಕಟ್ಟುವ ಗಂಟುಗಳು ಬೇರೆಯೇ ಇವೆ: ಡಿವಿಡಿಯ ನಂತರ ಬಂದ ಬ್ಲೂ-ರೇ ಡಿಸ್ಕಿನಲ್ಲಿ ಬರುವ ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೋ, ಸಂಗೀತ ಕಡತಗಳಲ್ಲಿ ಫ್ಲ್ಯಾಕ್. ಮೊದಲಿನೆರಡು ಆಪ್ಟಿಕಲ್ ಕೇಬಲಿನಲ್ಲಿ ತೂರುವುದಿಲ್ಲ, ಎಚ್‌ಡಿಎಂಐ ಬೇಕು. ಬ್ಲೂ-ರೇ ಕೊಂಡು, ಹಳೆಯ ಆಪ್ಟಿಕಲ್ ಕೇಬಲನ್ನೇ ಸಿಕ್ಕಿಸಿ, "ಏನೂ ವ್ಯತ್ಯಾಸ ಇಲ್ಲವಲ್ಲ" ಎಂದು ನನ್ನ ಬಳಿ ಜಗಳಕ್ಕೆ ಬಂದವರಿದ್ದಾರೆ.

ಉತ್ತರ: ಪರದೆಪ್ರಿಯ

ಗುಜರಿ ಮಾತಿಗೆ ಕ್ಷಮೆ ಇರಲಿ. ನನ್ನದೂ ಒಂದು ಪ್ರಶ್ನೆ. ನಮ್ಮ ಮನೆಯ ಅಟ್ಟದಲ್ಲಿರುವ ಪ್ಲೇಯರಿನ ಮೂತಿಯ ಮೇಲೆ "1080ಪಿ ಅಪ್‌ಸ್ಕೇಲಿಂಗ್" ಎಂದು ಬರೆದಿದೆ. ಹಾಗಾದರೆ ಮಾಮೂಲಿ ಡಿವಿಡಿಯೇ ಎಚ್‌ಡಿ ಆಗಿಬಿಡುತ್ತದೆಯೇ? ಬ್ಲೂ-ರೇ ಯಾಕೆ ಬೇಕು?

ಉತ್ತರ: ಬೆಸುಗೆಕಡ್ಡಿ

ಅಟ್ಟದಲ್ಲಿ ಇದೆಯೇ! ಗುಜರಿಗೆ ಹೋಗಿಲ್ಲವಲ್ಲ, ಸಂತೋಷ.

ಪಾಲ್ ಎಂಬ ಟಿವಿ ಪದ್ಧತಿಯ ಡಿವಿಡಿ ಚಿತ್ರದಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕಿಗಳು, ಒಟ್ಟು 4,14,720. 1080ಪಿ ಎಂದರೆ 1920 ಗುಣಿಸು 1080, ಅಂದರೆ 20,73,600. ಭಾಗಿಸಿ ನೋಡಿದರೆ ಕೂದಲು ಕೊಂಕದ ಹಾಗೆ ಐದು ಪಟ್ಟು. ಪರದೆಯ ಮೇಲಿನ ಪ್ರತಿ ಐದು ಚುಕ್ಕಿಗಳಲ್ಲಿ ಒಂದರಷ್ಟು ಮಾತ್ರ ಡಿಸ್ಕಿನಿಂದ ಬಂದ ಮಾಹಿತಿ, ಉಳಿದ ನಾಲ್ಕು ಅಕ್ಕಪಕ್ಕ ನೋಡಿ ಮಾಡಿದ ಊಹೆ. 4ಕೆ ಟಿವಿಯಾದರೆ ಇಪ್ಪತ್ತಕ್ಕೆ ಒಂದು. ಊಹೆ ಜಾಣತನದ್ದಾದರೆ ಚಿತ್ರ ನುಣುಪಾಗಿ ಕಾಣುತ್ತದೆ, ಆದರೆ ಇಲ್ಲದ ಹುಬ್ಬಿನ ಎಳೆ ಮೂಡುವುದಿಲ್ಲ. ಒಂದು ಉಪಯೋಗವಂತೂ ಇದೆ: ಪ್ಲೇಯರಿನ ಊಹೆ ಚೆನ್ನೋ ಟಿವಿಯದೋ ಎಂದು ಹೋಲಿಸಬಹುದು. ಪ್ಲೇಯರನ್ನು ಒಮ್ಮೆ 576ಪಿಯಲ್ಲಿ, ಒಮ್ಮೆ 1080ಪಿಯಲ್ಲಿ ಇಟ್ಟು ಅದೇ ದೃಶ್ಯ ನೋಡಿ. ನನ್ನ ಅನುಭವದಲ್ಲಿ ಇತ್ತೀಚಿನ ಟಿವಿಗಳೇ ಗೆಲ್ಲುತ್ತವೆ.

ಸಂಖ್ಯೆಯ ಮುಂದಿನ ಪಿ ಅಕ್ಷರಕ್ಕೂ ಅರ್ಥವಿದೆ. ಐ ಇದ್ದರೆ ಇಂಟರ್‌ಲೇಸ್ಡ್: ಒಮ್ಮೆ ಬೆಸ ಗೆರೆಗಳು, ಮರುಕ್ಷಣ ಸಮ ಗೆರೆಗಳು. ಓಡುವ ಕಾರಿನ ಅಂಚಿನಲ್ಲಿ ಬಾಚಣಿಗೆ ಹಲ್ಲು ಕಂಡರೆ ಈ ಎರಡನ್ನು ಯಾರೋ ಸರಿಯಾಗಿ ಹೆಣೆದಿಲ್ಲ. ಪಿ ಎಂದರೆ ಪ್ರೋಗ್ರೆಸ್ಸಿವ್: ಎಲ್ಲ ಗೆರೆಗಳೂ ಒಂದೇ ಸಲ. ಅದನ್ನು ಆನ್ ಮಾಡುವ ಮೊದಲು ಕೇಬಲ್ ನೋಡಿಕೊಳ್ಳಿ. ಒಂಟಿ ಹಳದಿ ತಂತಿಯಲ್ಲಿ ಪ್ರೋಗ್ರೆಸ್ಸಿವ್ ಹೋಗುವುದಿಲ್ಲ. ಆನ್ ಮಾಡಿದ ಕೂಡಲೇ ಚಿತ್ರ ಮಾಯವಾಗಿ, ವಾಪಸು ಬರಲು ಮೆನುವೂ ಕಾಣದೆ ಕತ್ತಲಲ್ಲಿ ಗುಂಡಿ ಒತ್ತುತ್ತ ಕೂರಬೇಕಾಗುತ್ತದೆ.

ಪ್ರಶ್ನೆ ಕೇಳಿದವರಿಂದ: ಕರಡಚ್ಚು

ಬೆಸುಗೆಕಡ್ಡಿ ಸರ್, ಪಿಸಿಎಂಗೆ ಹಾಕಿ ಡಿಆರ್‌ಸಿ ಆನ್ ಮಾಡಿದೆ. ನಿನ್ನೆ ರಾತ್ರಿ ಪೂರ್ತಿ ಚಿತ್ರ ನೋಡಿದೆವು, ಮಗು ಮಗ್ಗುಲು ಬದಲಿಸಲಿಲ್ಲ. ಆಡಿಯೋ ಗುಂಡಿ ಒತ್ತಿದ ತಕ್ಷಣ ಮೂಕ ಡಿಸ್ಕು ಮಾತನಾಡಿತು. ಕುಳ್ಳರೆಲ್ಲ ಎತ್ತರವಾದರು.

ಆದರೆ ಕಣ್ಣಿಗೆ ಹೊಸದೊಂದು ತಪ್ಪು ಬಿದ್ದಿದೆ. ಹೊದಿಕೆಯ ಮೇಲೆ 150 ನಿಮಿಷ ಎಂದು ಅಚ್ಚಾಗಿದೆ, ಪ್ಲೇಯರ್ 144 ನಿಮಿಷ ತೋರಿಸುತ್ತದೆ. ಆರು ನಿಮಿಷ ಕತ್ತರಿಸಿದ್ದಾರೆಯೇ, ಅಥವಾ ಅಚ್ಚಿನ ದೋಷವೇ?

ಇನ್ನೊಂದು ವಿಷಯ. ಪೆಟ್ಟಿಗೆಯ ತಳದಲ್ಲಿ ಅಪ್ಪನ ಕೈಬರಹವಿರುವ ಒಂದು ಡಿಸ್ಕ್ ಸಿಕ್ಕಿತು. "ಸಂಜೆ" ಎಂದಷ್ಟೇ ಬರೆದಿದ್ದಾರೆ. ಪ್ಲೇಯರಿಗೆ ಹಾಕಿದರೆ ಸ್ವಲ್ಪ ಹೊತ್ತು ಕಿರುಗುಟ್ಟಿ "ನೋ ಡಿಸ್ಕ್" ಎನ್ನುತ್ತದೆ. ಗೀರುಗಳೇನೂ ಇಲ್ಲ. ಹಿಂಬದಿ ಬೇರೆ ಡಿಸ್ಕುಗಳ ಹಾಗೆ ಬೆಳ್ಳಿಯ ಬಣ್ಣವಲ್ಲ, ತಿಳಿ ಹಸಿರು.

ಉತ್ತರ: ಬೆಸುಗೆಕಡ್ಡಿ

ಆರು ನಿಮಿಷ ಎಲ್ಲೂ ಹೋಗಿಲ್ಲ. ಸಿನಿಮಾ ತೆಗೆಯುವುದು ಸೆಕೆಂಡಿಗೆ 24 ಚೌಕಟ್ಟಿನಂತೆ, ಪಾಲ್ ಓಡುವುದು 25ರಂತೆ. ಹೆಚ್ಚಿನವರು ತಲೆ ಕೆಡಿಸಿಕೊಳ್ಳದೆ 24ನ್ನೇ 25ರ ವೇಗದಲ್ಲಿ ಓಡಿಸಿಬಿಡುತ್ತಾರೆ. 150ನ್ನು 24ರಿಂದ ಗುಣಿಸಿ 25ರಿಂದ ಭಾಗಿಸಿ, 144 ಬರುತ್ತದೆ. ಎಲ್ಲರೂ ನೂರಕ್ಕೆ ನಾಲ್ಕರಷ್ಟು ಬೇಗ ನಡೆಯುತ್ತಾರೆ, ಸರಿಪಡಿಸದಿದ್ದರೆ ಹಾಡಿನ ಶ್ರುತಿಯೂ ಕೂದಲಷ್ಟು ಏರುತ್ತದೆ. ಮಂದ್ರಸ್ಥಾಯಿಯವರು ಇದನ್ನು ಓದಿ ನಿದ್ದೆಗೆಡದಿರಲಿ.

ಹಸಿರು ಡಿಸ್ಕನ್ನು ಬಟ್ಟೆಯಿಂದ ತಿಕ್ಕಬೇಡಿ, ಅದಕ್ಕೆ ಏನೂ ಅಂಟಿಲ್ಲ. ಅದು ಕಾರ್ಖಾನೆಯಲ್ಲಿ ಒತ್ತಿದ್ದಲ್ಲ, ಸಿಡಿ-ಆರ್, ಅಂದರೆ ಮನೆಯಲ್ಲಿ ಬರೆದದ್ದು. ಹಸಿರು ಕಾಣುತ್ತಿರುವುದು ಬಣ್ಣದ ಪದರ, ಲೇಸರ್ ಅದರ ಮೇಲೆಯೇ ಬರೆಯುತ್ತದೆ. ಒಂದು ಎಚ್ಚರಿಕೆ: ಸಿಡಿಯಲ್ಲಿ ಆ ಪದರ ಇರುವುದು ಅಪ್ಪನ ಕೈಬರಹದ ಕೆಳಗೇ, ನಡುವೆ ಮೆರುಗಿನ ತೆಳು ಲೋಹ ಮತ್ತು ಒಂದು ಅರಗಿನ ಲೇಪ ಅಷ್ಟೆ. 1.2 ಮಿಲಿಮೀಟರ್ ಪ್ಲಾಸ್ಟಿಕ್ಕು ಪೂರ್ತಿ ಕೆಳಬದಿಯಲ್ಲಿದೆ. ಕೆಳಗಿನ ಗೀರನ್ನು ಎಷ್ಟೋ ಸಲ ಉಜ್ಜಿ ಸರಿಮಾಡಬಹುದು, ಮೇಲಿನ ಗೀರು ಎಂದರೆ ಹೋದಂತೆಯೇ. ಡಿವಿಡಿಯಲ್ಲಿ 0.6 ಮಿಲಿಮೀಟರಿನ ಎರಡು ಹಾಳೆಗಳ ನಡುವೆ ಇರುತ್ತದೆ, ಬ್ಲೂ-ರೇಯಲ್ಲಿ ತಳದಿಂದ ಬರೀ 0.1 ಮಿಲಿಮೀಟರ್ ಒಳಗೆ. ಆದ್ದರಿಂದ ಆ ಬರಹದ ಮೇಲೆ ಪೆನ್ನು ಒತ್ತಬೇಡಿ, ಸ್ಟಿಕರ್ ಅಂಟಿಸಬೇಡಿ.

ಪ್ಲೇಯರ್ ಓದದಿರಲು ನನ್ನ ಅನುಮಾನ ಫೈನಲೈಸ್ ಮೇಲೆ. ಬರೆಯುವುದು ಮುಗಿದ ಮೇಲೆ ಡಿಸ್ಕಿನ ಒಳಸುತ್ತಿನಲ್ಲಿ ಪರಿವಿಡಿ ಬರೆದು ಮುಚ್ಚಬೇಕು. ನಿಮ್ಮ ತಂದೆಯವರು ಇನ್ನೂ ಸೇರಿಸುವುದಿದೆ ಎಂದು ತೆರೆದೇ ಬಿಟ್ಟಿರಬಹುದು. ಮಾಮೂಲಿ ಪ್ಲೇಯರ್ ಪರಿವಿಡಿ ಕಾಣದಿದ್ದರೆ ಪುಸ್ತಕವೇ ಇಲ್ಲ ಎನ್ನುತ್ತದೆ. ಬರೆಯುವ ಸಾಮರ್ಥ್ಯವಿರುವ ಕಂಪ್ಯೂಟರ್ ಡ್ರೈವಿಗೆ ಹಾಕಿ ನೋಡಿ, ಅದು ತೆರೆದ ಡಿಸ್ಕನ್ನೂ ಓದಬಲ್ಲದು. ಮೊದಲು ನಕಲು, ಆಮೇಲೆ ಫೈನಲೈಸ್.

ಪ್ರಶ್ನೆ ಕೇಳಿದವರಿಂದ: ಕರಡಚ್ಚು

ಕಂಪ್ಯೂಟರಿಗೆ ಹೊರಗಿನಿಂದ ಸಿಕ್ಕಿಸುವ ಡಿವಿಡಿ ರೈಟರೊಂದನ್ನು ಕಚೇರಿಯಿಂದ ತಂದುಕೊಂಡೆ. ಒಪ್ಪಿಕೊಳ್ಳುತ್ತೇನೆ, ಆತುರಕ್ಕೆ ಮೊದಲು ಫೈನಲೈಸ್ ಮಾಡಿಬಿಟ್ಟೆ. ಅದೃಷ್ಟ, ಈಗ ಪ್ಲೇಯರಿನಲ್ಲೂ ಓಡುತ್ತಿದೆ. ಮೂರು ಟ್ರ್ಯಾಕುಗಳು. ಮೊದಲನೆಯದರಲ್ಲಿ ಅಪ್ಪ ಮೈಕಿಗೆ ಎರಡು ಸಲ ಕುಟ್ಟಿ, "ಬರುತ್ತಿದೆಯಾ? ಕೆಂಪು ದೀಪ ಹತ್ತಿದೆ, ಬರುತ್ತಿರಬೇಕು" ಎನ್ನುತ್ತಾರೆ. ಉಳಿದದ್ದು ಸಂಜೆಯ ಅಂಗಳದ ಸದ್ದು, ಹಕ್ಕಿಗಳು, ದೂರದಲ್ಲಿ ಯಾರೋ ನೀರು ಸೇದುವುದು. ಎಲ್ಲ ಸೇರಿ 41 ನಿಮಿಷ.

ಮೂರನ್ನೂ ಪೆನ್ ಡ್ರೈವಿಗೆ ನಕಲು ಮಾಡಿದೆ. ಕ್ಷಣಮಾತ್ರದಲ್ಲಿ ಮುಗಿಯಿತು, ಅದೇ ಅನುಮಾನಕ್ಕೆ ಕಾರಣವಾಯಿತು. ಒಂದೊಂದೂ 1 ಕೆಬಿ, ಹೆಸರಿನ ಕೊನೆಗೆ ಸಿಡಿಎ ಎಂದಿದೆ, ಯಾವುದೂ ಓಡುವುದಿಲ್ಲ. ಏನನ್ನಾದರೂ ಅಳಿಸಿಬಿಟ್ಟೆನೇ?

ಉತ್ತರ: ಬೆಸುಗೆಕಡ್ಡಿ

ಏನೂ ಅಳಿಸಿಲ್ಲ, ಗಾಬರಿ ಬೇಡ. ಫೈನಲೈಸ್ ಮಾಡಿದ ಡಿಸ್ಕಿಗೆ ಮತ್ತೆ ಬರೆಯಲು ಬರುವುದಿಲ್ಲ. ನೀವು ನಕಲು ಮಾಡಿದ್ದು ಪುಸ್ತಕವನ್ನಲ್ಲ, ಪರಿವಿಡಿಯ ಮೂರು ಸಾಲುಗಳನ್ನು. ಆಡಿಯೋ ಸಿಡಿಯಲ್ಲಿ ಕಡತಗಳೆಂಬುದೇ ಇಲ್ಲ, ಒಳಸುತ್ತಿನಿಂದ ಹೊರಸುತ್ತಿಗೆ ಧ್ವನಿಯ ಒಂದೇ ಉದ್ದ ಸುರುಳಿ. ವಿಂಡೋಸ್ ನಿಮಗೇನಾದರೂ ತೋರಿಸಬೇಕಲ್ಲ ಎಂದು ಪ್ರತಿ ಟ್ರ್ಯಾಕಿಗೂ ಸಿಡಿಎ ಎಂಬ 44 ಬೈಟಿನ ನಾಮಫಲಕ ನೆಡುತ್ತದೆ. ಹಾಡು ಎಲ್ಲಿ ಶುರು, ಎಷ್ಟು ಉದ್ದ ಎಂಬುದಷ್ಟೇ ಅದರಲ್ಲಿರುತ್ತದೆ.

ಸುರುಳಿಯಿಂದ ಧ್ವನಿಯನ್ನು ಸುಲಿದು ಕಡತ ಮಾಡುವುದಕ್ಕೆ ರಿಪ್ ಎನ್ನುತ್ತಾರೆ. ಕಂಪ್ಯೂಟರಿನ ಮೀಡಿಯಾ ಪ್ಲೇಯರಿನಲ್ಲೇ ಆ ಗುಂಡಿ ಇರುತ್ತದೆ. ಯಾವ ಬಗೆ ಎಂದು ಕೇಳಿದಾಗ ಎಂಪಿ3 ಒತ್ತಬೇಡಿ. ಹಕ್ಕಿಯ ದನಿಯಲ್ಲಿ ಯಾವುದು ಮುಖ್ಯ, ಯಾವುದನ್ನು ಎಸೆಯಬಹುದು ಎಂದು ಯಂತ್ರ ತೀರ್ಮಾನಿಸುವುದು ಬೇಡ. ವೇವ್ ಅಥವಾ ಫ್ಲ್ಯಾಕ್ ಆಯ್ದುಕೊಳ್ಳಿ. ವೇವ್ ಎಂದರೆ ಹರವಿದ ಪಿಸಿಎಂ ಹಾಗೆಯೇ. ನಿಮಿಷಕ್ಕೆ ಹತ್ತೂವರೆ ಎಂಬಿಯಂತೆ 41 ನಿಮಿಷಕ್ಕೆ ಸುಮಾರು 434 ಎಂಬಿ ಆಗುತ್ತದೆ. ಇದಕ್ಕಿಂತ ತೀರ ಕಡಿಮೆ ಬಂದರೆ ಬಗೆ ತಪ್ಪಾಗಿದೆ ಎಂದು ತಿಳಿಯಿರಿ. ಫ್ಲ್ಯಾಕ್ ಇದಕ್ಕಿಂತ ಚಿಕ್ಕದಾಗುತ್ತದೆ, ಏನನ್ನೂ ಎಸೆಯದೆ.

ಎರಡು ಬೇರೆ ಬೇರೆ ಡ್ರೈವುಗಳಲ್ಲಿ ಇಡಿ, ಒಂದು ನಿಮ್ಮ ತಮ್ಮನ ಮನೆಯಲ್ಲಿರಲಿ. ಡಿಸ್ಕನ್ನು ಬಿಸಿಲು ಬೀಳದ ಕಡೆ ನೆಟ್ಟಗೆ ನಿಲ್ಲಿಸಿಡಿ, ಹಸಿರು ಪದರಕ್ಕೆ ಬೆಳಕು ಆಗುವುದಿಲ್ಲ.

ಪ್ರಶ್ನೆ ಕೇಳಿದವರಿಂದ: ಕರಡಚ್ಚು

435 ಎಂಬಿ ಬಂತು. ತಮ್ಮನಿಗೆ ಫೋನ್ ಮಾಡಿ, ಪೆನ್ ಡ್ರೈವ್ ತಂದುಕೊಡುತ್ತೇನೆ, ಸೆಟಪ್‌ಗೆ ಹೋಗಿ ಏನನ್ನೂ ಬದಲಿಸಬೇಡ ಎಂದೆ.